ಗಾಳಿಬಾಯಿಗೆ ಕಟ್ಟಿದ ರೇಷ್ಮೆ

ಬೆಳಿಗ್ಗೆ ಹತ್ತೂವರೆಗೆ, ಚಳ್ಳಕೆರೆ ಇನ್ನೂ ದೂರವಿದ್ದಾಗ, ನಮ್ಮ ಬಾಡಿಗೆ ಮೋಟಾರು ಕೆಮ್ಮತೊಡಗಿತು. ಗಾಡಿ ನಿಲ್ಲಿಸಿದರೂ ಇಂಜಿನ್ನು ನಡುಗುತ್ತಿತ್ತು. ಡ್ರೈವರ್ ತಲೆ ವಾರೆ ಮಾಡಿ ಅದರ ಸದ್ದು ಕೇಳಿದ.

"ನನ್ನಂಗೆ ಇದಕ್ಕೂ ದಮ್ಮು ಬಂತೇನಪ್ಪಾ?" ಎಂದಳು ಅವ್ವ.

"ಉಸಿರು ಕಟ್ಟೈತೆ ಅವ್ವಾರೇ, ಅಷ್ಟೇಯ." ಇಂಜಿನ್ನಿನ ಯಾವ ರೋಗಕ್ಕೂ ಅವನದು ಅದೇ ಮಾತು.

ಧೂಳು ತಡೆಯಲೆಂದು ಇಂಜಿನ್ನು ಗಾಳಿ ಎಳೆಯುವ ಬಾಯಿಗೆ ಅವನು ಮೊಳಕಾಲ್ಮೂರಿನ ರೇಷ್ಮೆಯ ಚೂರೊಂದನ್ನು ಕಟ್ಟಿದ್ದ. ಧೂಳು ಮೆತ್ತಿ ಅದೇ ಮುಚ್ಚಿಹೋಗಿತ್ತು. ಬಿಚ್ಚುವಷ್ಟರಲ್ಲಿ ಇಂಜಿನ್ನು ಬೆಂಕಿ ಉಗುಳಿ ರೇಷ್ಮೆ ಹೊತ್ತಿಕೊಂಡಿತು. ನಮ್ಮ ಸೀಟಿನ ಕೆಳಗೆ ಪೆಟ್ರೋಲ್ ಡಬ್ಬವಿತ್ತು. "ಇಳೀರಿ!" ಎಂದು ಕೂಗಿದವನು ಬಲ ಅಂಗೈಯಿಂದಲೇ ಆ ಬಾಯಿ ಮುಚ್ಚಿ, ಬೆಂಕಿ ಆರುವವರೆಗೂ ಕೈ ತೆಗೆಯಲಿಲ್ಲ.

ಗಾಯ ಮಾಯಿತು, ಆದರೆ ಅವನ ಬಲಗೈ ಬೆರಳುಗಳು ಮತ್ತೆ ಬಿಚ್ಚಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ನನಗೆ ಆ ಕೈಯೇ ಕಂಡು ಎಚ್ಚರವಾಗುತ್ತಿತ್ತು. ಚಳ್ಳಕೆರೆಯಲ್ಲಿ ಅವನು ಎಡಗೈಯಿಂದ ಯಾರದೋ ಮೋಟಾರು ಹೊರಡಿಸಲು ಅದರ ಹಿಡಿ ತಿರುಗಿಸುತ್ತಾ ಅದನ್ನು ಬೈಯುತ್ತಿದ್ದುದನ್ನು ಕಂಡ ದಿನ ರಾತ್ರಿ, ಬೆಳಗಿನವರೆಗೂ ನಿದ್ದೆ ಮಾಡಿದೆ.