ಬೆಲ್ಲ ತಿಂದು ಹೋದ ಸಿಪಾಯಿ

ಆನೇಮಹಲ್‌ನ ಹಿಟ್ಟಿನ ಗಿರಣಿಯ ಶಾಂತಮಲ್ಲಪ್ಪನಿಗೆ ಯಾವುದನ್ನೂ ಕೆದಕದೆ ಬಿಟ್ಟು ಅಭ್ಯಾಸವಿಲ್ಲ. ಬೋಂಡ ಕಟ್ಟಿಕೊಟ್ಟ ಹಳೇ ಪೇಪರನ್ನೂ ಎಣ್ಣೆ ಒರೆಸಿ ಓದುವ ಆಸಾಮಿ. ರಾಗಿ ಬೀಸಿಸಲು ಬಂದವರು ತಮ್ಮ ಮೂರು ತಲೆಮಾರಿನ ಕಥೆ ಒಪ್ಪಿಸದೆ ಹಿಟ್ಟು ಹೊತ್ತು ಹೋಗುವಂತಿರಲಿಲ್ಲ. ಊರವರು ಅವನಿಗೆ ‘ಗಿರಣಿ ಸಿಐಡಿ’ ಎಂದು ಹೆಸರಿಟ್ಟಿದ್ದರು.

ಅಂಥವನಿಗೆ ಸ್ವಂತ ತಾತನ ಕಥೆಯೇ ಗೊತ್ತಿರಲಿಲ್ಲ. ತಾಯಿ ಗುರುಶಾಂತಮ್ಮ ಹಾಲು ಕುಡಿಯುವ ಕೂಸಾಗಿದ್ದಾಗ ಮಿಲಿಟರಿ ಸೇರಿ ಬರ್ಮಾಕ್ಕೆ ಹೋದ ವೀರಭದ್ರಯ್ಯ ಮರಳಿ ಬಂದಿರಲಿಲ್ಲ. ಹಿರಿಯರ ಹಬ್ಬದ ದಿನ ಸತ್ತವರಿಗೆಲ್ಲ ಎಡೆ ಬಡಿಸುವಾಗ ಗುರುಶಾಂತಮ್ಮ ಒಂದು ಬಾಳೆಲೆ ಹೆಚ್ಚಿಗೆ ಕೊಯ್ದು ತಂದು, ನೆಲಕ್ಕೆ ಹಾಕದೆ ಗೋಡೆಗೆ ಒರಗಿಸಿಡುತ್ತಿದ್ದಳು. ಬದುಕಿರುವವರಿಗೆ ಎಡೆ ಇಡುವುದು ಕೇಡು, ಸತ್ತವರನ್ನು ಹಸಿದಿರಿಸುವುದು ಪಾಪ.

“ನಾನು ಕಣ್ಮುಚ್ಚೋದ್ರೊಳಗೆ ಯಾವ್ದಾದ್ರೂ ಒಂದು ಗೊತ್ಮಾಡ್ಕೊಡೋ,” ಎಂದು ಮಗನನ್ನು ಕೇಳುತ್ತಿದ್ದಳು.

ತಾತ ಬದುಕಿದ್ದಾನೆ ಎನ್ನುವುದಕ್ಕೆ ಮನೆಯಲ್ಲಿದ್ದದ್ದು ಒಂದೇ ಸಾಕ್ಷಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಬ್ಬ ಸಿಪಾಯಿ ಬಂದಿದ್ದ. ಜಗಲಿಯಲ್ಲಿ ನೀರು ಕುಡಿದು, ಬೆಲ್ಲ ತಿಂದು, “ಹಿಂದೆ ಬರೋ ಹಡಗಲ್ಲಿ ಬತ್ತಾರೆ” ಎಂದು ಹೇಳಿ ಹೋಗಿದ್ದ. ಸಾವಿನ ಸುದ್ದಿ ತಂದವನು ಆ ಮನೆಯ ನೀರು ಮುಟ್ಟುವಂತಿಲ್ಲ. ಅಂಗಳದಲ್ಲೇ ನಿಂತು ಹೇಳಿ, ತಿರುಗಿ ನೋಡದೆ ಹೋಗಬೇಕು. ಇವನೋ ಬೆಲ್ಲ ತಿಂದಿದ್ದ. ಆ ಬೆಲ್ಲವನ್ನು ನಂಬಿ ಅಜ್ಜಿ ಕುಂಕುಮ ಇಟ್ಟು, ಬಳೆ ತೊಟ್ಟೇ ಮೂವತ್ತು ವರ್ಷ ಕಾದು ತೀರಿಕೊಂಡಳು.

ಶಾಂತಮಲ್ಲಪ್ಪ ಮಿಲಿಟರಿ ಕಚೇರಿಗೆ ಬರೆದ. ‘ಕಾಣೆಯಾಗಿದ್ದಾರೆ’ ಎಂದು ಉತ್ತರ ಬಂತು. ಅದು ನಮಗೂ ಗೊತ್ತಿತ್ತಲ್ಲ ಎಂದು ಗೊಣಗಿದ. ಆಮೇಲೆ ಹೊಳೆಯಿತು: ತಾತ ಸಿಗದಿದ್ದರೆ ಬೇಡ, ಬೆಲ್ಲ ತಿಂದವನು ಯಾರು? ಅಂದಿನಿಂದ ಗಿರಣಿಗೆ ಬಂದವರಿಗೆಲ್ಲ ಅದೇ ಪ್ರಶ್ನೆ. 1998ರ ಶ್ರಾವಣದಲ್ಲಿ ತವರಿಗೆ ಬಂದಿದ್ದ ಮಾದಮ್ಮ ಉತ್ತರ ಕೊಟ್ಟಳು.

“ನಮ್ ಹೆತ್ತೂರ್ ಕಡೆ ತಿಮ್ಮಯ್ಯ ಅಂತ ಅವ್ರೆ ಕಣಣ್ಣ. ಬರ್ಮಾ ಕಂಡ್ಬಂದೋರು. ಮಾತು ಕಮ್ಮಿ.”

ಮಾರನೇ ದಿನವೇ ಬಸ್ಸು ಹತ್ತಿದ. ಎಪ್ಪತ್ತೆಂಟರ ತಿಮ್ಮಯ್ಯ ವೀರಭದ್ರಯ್ಯನ ಮನೆಯವನೆಂದು ಕೇಳಿ ಎದ್ದು ನಿಂತ.

“ಆ ಮನೆ ಹೆಣ್ಮಗು ಐತಾ?”

“ನಮ್ಮವ್ವನೇ ಅದು.”

“ನಾಳೆ ನಾನೇ ಬತ್ತೀನಿ, ಹೋಗಪ್ಪ.”

ಎಷ್ಟು ಕೆದಕಿದರೂ ಅಷ್ಟೇ.

ಮರುದಿನ ತಿಮ್ಮಯ್ಯ ಬಂದು ಅಂಗಳದಲ್ಲೇ ನಿಂತ. ಗುರುಶಾಂತಮ್ಮ ಚೊಂಬು ನೀರು, ಬೆಲ್ಲ ತಂದಳು. ಅವನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

“ಬ್ಯಾಡ ಕಣವ್ವ. ಅವತ್ತೂ ನೀನೇ ತಂದಿದ್ದೆ. ನಾನು ಬಾಯ್ಬಿಡೋದ್ರೊಳಗೆ ಚೊಂಬು ಕೈಗೆ ಕೊಟ್ಬುಟ್ಟೆ. ಬಿಸ್ಲಲ್ಲಿ ನಡ್ಕಂಡ್ ಬಂದಿದ್ದೆ, ಕುಡ್ದ್ಬುಟ್ಟೆ. ಕುಡ್ದ ಮ್ಯಾಲೆ ಎಂಗವ್ವಾ ಹೇಳ್ಲಿ?”

ಗುರುಶಾಂತಮ್ಮ ಚೊಂಬನ್ನು ಕೆಳಗಿಟ್ಟಳು. ಲಿಂಗ ಕಟ್ಟುವ ಅವಳ ಜನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಗುರುಶಾಂತಮ್ಮ ಕೇಳಿದ್ದು ಒಂದೇ ಮಾತು.

“ಕೂರ್ಸಿದ್ರಾ?”

“ಜ್ವರದಲ್ಲೇ ಹೇಳಿದ್ರು, ಸುಡ್ಬ್ಯಾಡ ತಿಮ್ಮ ಅಂತ. ನಾನೇ ಗುಂಡಿ ತೋಡಿ ಕೂರ್ಸ್ದೆ. ಲಿಂಗ ಎಡಗೈಲಿತ್ತು ಕಣವ್ವ.”

ಗುರುಶಾಂತಮ್ಮನಿಗೆ ಮೈಯೆಲ್ಲ ಸಿಟ್ಟು ಬಂತು. ಪ್ರತಿ ಬಸ್ಸಿಗೂ ಬಾಗಿಲಿಗೆ ಬರುತ್ತಿದ್ದ ಅವ್ವನ ನೆನಪಾಯಿತು. ಅವ್ವನ ಹಣೆಯ ಕಾಸಗಲದ ಕುಂಕುಮವೂ ನೆನಪಾಯಿತು. ಬೈಯಲು ತೆರೆದ ಬಾಯಿ ಬೇರೆಯೇ ಹೇಳಿತು.

“ನಮ್ಮವ್ವ ಮುತ್ತೈದೆಯಾಗೇ ಹೋದ್ಲು ತಿಮ್ಮಯ್ಯನೋರೆ.”

ತಿಮ್ಮಯ್ಯ ತಲೆ ತಗ್ಗಿಸಿದ. ಆಮೇಲೆ ತಿರುಗಿ ನೋಡದೆ ಹೊರಟ. ಶಾಂತಮಲ್ಲಪ್ಪನ ನಾಲಿಗೆಯ ಮೇಲೆ ನೂರು ಪ್ರಶ್ನೆಗಳಿದ್ದವು, ಒಂದನ್ನೂ ಕೇಳಲಿಲ್ಲ.

ಆ ವರ್ಷದ ಹಿರಿಯರ ಹಬ್ಬದಲ್ಲಿ ಗುರುಶಾಂತಮ್ಮ ಗೋಡೆಗೆ ಒರಗಿಸಿಡುತ್ತಿದ್ದ ಎಲೆಯನ್ನು ಅವ್ವನ ಎಲೆಯ ಪಕ್ಕಕ್ಕೆ ಹಾಕಿ ಅಪ್ಪನಿಗೆ ಬಡಿಸಿದಳು. ತಿಮ್ಮಯ್ಯನಿಗೂ ಹೇಳಿಕಳಿಸಿದ್ದಳು. ಅವನು ಬಂದು ಜಗಲಿಯಲ್ಲಿ ಕೂತು, ಅವಳು ಕೊಟ್ಟ ಬೆಲ್ಲ ತಿಂದು, ಚೊಂಬು ನೀರನ್ನು ಪೂರ್ತಿ ಕುಡಿದ.