ಹಲಗೆ ಓದುವ ಹೊನ್ನಯ್ಯ

ಸಾಲಗಾಮೆ ಗ್ರಂಥಾಲಯದ ಹೊನ್ನಯ್ಯನವರಿಗೆ ಚಳಿಗಾಲ ಬಂತೆಂದರೆ ಬಾಗಿಲ ಪಕ್ಕದ ಕರಿಹಲಗೆ ಸಾಲದು. ‘ಇಂದು ವರ್ಷದ ಅತಿ ಚಿಕ್ಕ ಹಗಲು, ಬೇಗ ಓದಿ’. ‘ಧನುರ್ಮಾಸ: ಗುಡಿಯಲ್ಲಿ ಆರಕ್ಕೆ ಹುಗ್ಗಿ, ದೊನ್ನೆ ನೀವೇ ತನ್ನಿ’. ಬರೆದಾದ ಮೇಲೆ ಒಂದೊಂದು ಅಕ್ಷರಕ್ಕೂ ಕೋಲಿಟ್ಟು ಗಟ್ಟಿಯಾಗಿ ಓದುತ್ತಾರೆ. ಯಾಕೆಂದು ಕೇಳಿದರೆ, “ತಪ್ಪಿದ್ರೆ ಕಾಣ್ಬೇಕಲ್ಲ ಸಾ, ನಮ್ ಬೋರ್ಡಲ್ಲಿ ತಪ್ಪೇ ಇರಾಕಿಲ್ಲ” ಅನ್ನುತ್ತಾರೆ. ಓದುವಾಗ ಅವರ ಕಣ್ಣು ಮಾತ್ರ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂರುವ, ಶಾಲೆಯ ಮುಖ ಕಾಣದ ಮುದುಕಿ ಸುಬ್ಬಮ್ಮನ ಮೇಲಿರುತ್ತದೆ. ಮೊನ್ನೆ ಬಾಯಲ್ಲಿ ಆಡುವ ಹಾಗೆಯೇ ‘ಸುಬ್ಬಮ್ಮನ ಹಸು ಕರ ಹಾಕಿದೆ’ ಎಂದು ಬರೆದುಬಿಟ್ಟರು. “ಹೊನ್ನಯ್ಯ, ನಮ್ ಕರು ಕೊಂಬೆಲ್ಲೈತಪ್ಪ?” ಅಂದಳು ಸುಬ್ಬಮ್ಮ. ಈಗ ಹುಟ್ಟಿದ ಕರುವಿಗೆ ಕೊಂಬೇ ಎಂದು ಪೇಪರ್ ಓದುವವರೆಲ್ಲ ನಕ್ಕರು. ಸುಬ್ಬಮ್ಮನ ಬೆರಳು ಹಲಗೆಯ ಮೇಲಿನ ‘ರ’ ತೋರಿಸುತ್ತಿತ್ತು.