ಬೂದಿಯೊಳಗೆ ಆರಿದ ಪಾಕ

ಅಂಗಳ ಸಾರಿಸಿದೆ. ಎಮ್ಮೆ ಹಿಂಡಿದೆ. ಜೋಳ ಬೀಸಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಆಮೇಲೆ ಒಲೆಯ ಬೂದಿ ಕೆದರಿ ಪಾಕದ ಪಾತ್ರೆ ಹೊರತೆಗೆದೆ. ಮುಚ್ಚಳ ಎತ್ತಿದವಳು ಅಲ್ಲೇ ಕುಳಿತುಬಿಟ್ಟೆ.

ಗೌರಿ ಹುಣ್ಣಿಮೆಗೆ ನಾವು ಸಕ್ಕರೆ ಆರತಿ ಎರೆಯುವುದು ನಿಮಗೆ ಗೊತ್ತೇ ಇದೆ. ಕಟ್ಟಿಗೆಯ ಅಚ್ಚಿಗೆ ಪಾಕ ಹೊಯ್ದರೆ ಗಿಳಿ, ಆನೆ, ತುಳಸಿಕಟ್ಟೆ. ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯಿಂದ ಅದು ಹೋಗಲೇಬೇಕು. ಈ ಸಲ ನಮ್ಮ ಆಳಂದದಿಂದ ಜೇವರ್ಗಿಗೆ, ನನ್ನ ಮೈದುನ ವಸಂತನ ಹೆಸರಿನಲ್ಲಿ. ಬೀಗರೋ, ‘ಕಾಲ ಸರಿಯಿಲ್ಲ, ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗಿಬಿಡುತ್ತೇವೆ, ಮದುವೆ ಮಾತು ಮುಂದೆ ನೋಡೋಣ’ ಎಂದು ಹೇಳಿಕಳಿಸಿದ್ದರು. ಆರತಿ ಒಳಗಿಟ್ಟುಕೊಂಡರೆ ಸಂಬಂಧ ಉಳಿಯಿತು. ಬುಟ್ಟಿ ಹಾಗೇ ತಿರುಗಿ ಬಂದರೆ ಮುಗಿಯಿತು.

ಹಿಂದಿನ ದಿನ ಪಾಕ ಹದಕ್ಕೆ ಬರುವಾಗಲೇ ಓಣಿಯಲ್ಲಿ ಕೂಗೆದ್ದಿತ್ತು. ಹಿರೋಳ್ಳಿ ದಾರಿಯಲ್ಲಿ ಧೂಳಂತೆ, ಲೂಟಿಯ ಕುದುರೆ ಮಂದಿಯಂತೆ! (ಈಗೀಗ ನಾವು ಧೂಳಿಗೂ ಹೆದರುತ್ತೇವೆ.) ಹೊಗೆ ಕಾಣಬಾರದೆಂದು ಒಲೆ ಆರಿಸಿ, ಪಾತ್ರೆಯನ್ನು ಬಿಸಿ ಬೂದಿಯಲ್ಲಿ ಹುಗಿದು, ಅಗಳಿ ಹಾಕಿ ಒಳಗೆ ಕುಳಿತೆವು. ಬಂದದ್ದು ಕುರಿಹಿಂಡು. ಆದರೂ ಮತ್ತೆ ಒಲೆ ಹಚ್ಚುವ ಧೈರ್ಯ ಯಾರಿಗಿತ್ತು?

ಈಗ ಪಾತ್ರೆಯ ತುಂಬ ಜೋಳದ ಕಾಳಿನಷ್ಟು ದಪ್ಪ ಹರಳುಗಳು.

“ಸಾಲಿನ್ಯಾಗ ನಿಂತು ತಂದ ಕಂಟ್ರೋಲ್ ಸಕ್ಕರಿ ಮಣ್ಣಾತು,” ಎಂದರು ಅತ್ತೆ. “ಅಚ್ಚಿನ್ಯಾಗ ಇದು ಕೂಡಂಗಿಲ್ಲ. ಬೀಗರಿಗೆ ಏನ್ ಕಳಸ್ತಿ?”

ವಸಂತ ಹೈದರಾಬಾದಿನ ಕಾಲೇಜಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದುವವನು (ಗಲಾಟೆಗೆ ಕಾಲೇಜು ಮುಚ್ಚಿದೆ). ಅವನು ಪಾತ್ರೆ ನೋಡಿದ್ದೇ ಹಿತ್ತಲಿಗೆ ಓಡಿ, ಬಾವಿ ತೋಡುವಾಗ ಬಂದ ಎರಡು ಕರಿಕಲ್ಲು ತಂದಿಟ್ಟ.

“ನೋಡ್ರಿ ವೈನಿ. ಇದು ಮ್ಯಾಲಿಂದು. ಕಾಳು ಕಾಣ್ತಾವೇನು? ಇದು ತಳದ್ದು. ಹ್ಯಾಂಗ ಮಿಂಚ್ತಾವ.”

“ಎರಡೂ ಒಂದ ಬಾವಿದಲ್ಲೇನಪ್ಪ?”

“ಒಂದ ಪಾಕದ್ದು. ಈ ನೆಲ ಒಂದು ಕಾಲಕ್ಕ ಕುದಿಯೋ ರಸ ಇತ್ತು. ಮ್ಯಾಲಿಂದು ಗಾಳಿಗೆ ಲಗೂ ಆರ್ತು, ಹರಳಿಗೆ ಬೆಳ್ಯಾಕ ವ್ಯಾಳ್ಯಾ ಸಿಗಲಿಲ್ಲ. ಒಳಗಿಂದು ನಿಮ್ಮ ಬೂದ್ಯಾಗ ಇಟ್ಟಂಗ ಸಾವಕಾಶ ಆರ್ತು.”

“ಕಲ್ಲಿಗೆ ಪಾಕ ಹಿಡದಾವ ಯಾರಲೇ?” ಎಂದರು ಅತ್ತೆ. “ನಿಮ್ಮಜ್ಜೇನು?”

ನನಗೆ ಸುಮ್ಮನಿರಲಾಗಲಿಲ್ಲ. ಹರಳಿಗೆ ನೀರು ಹಾಕಿ ಮತ್ತೆ ಕುದಿಸಿದೆ. ಒಂದು ಸೌಟು ತಣ್ಣನೆಯ ತಾಟಿಗೆ ಸುರಿದು ತಿರುವಿದೆ. ನೋಡುನೋಡುತ್ತಲೇ ಬೆಳ್ಳಗೆ, ನುಣ್ಣಗೆ, ಸಣ್ಣ ರವೆಯಂತೆ ಗಟ್ಟಿಯಾಯಿತು. (ತಿರುವಿದ್ದಕ್ಕೂ ಇದರಲ್ಲಿ ಪಾಲುಂಟಂತೆ.) ಅದೇ ಸಕ್ಕರೆ, ಅದೇ ಪಾತ್ರೆ. ಇಷ್ಟು ವರ್ಷ ಪಾಕ ತಿರುವುತ್ತ ಬಂದೆ. ಏಕೆಂದು ಒಮ್ಮೆಯಾದರೂ ಕೇಳಿಕೊಂಡಿದ್ದೆನೇ?

ಅಚ್ಚುಗಳು ತುಂಬಿದವು. ವಸಂತ ತೆಗೆದಿಟ್ಟುಕೊಂಡಿದ್ದ ಒಂದು ಹಿಡಿ ಹರಳನ್ನೂ ಆ ಎರಡು ಕಲ್ಲನ್ನೂ ಬುಟ್ಟಿಯಲ್ಲಿ ಸಕ್ಕರೆ ಗಿಳಿಗಳ ಪಕ್ಕದಲ್ಲಿಟ್ಟ. ಜೇವರ್ಗಿಗೆ ಹೊರಟಿದ್ದ ಗಾಡಿಯ ಕಾಸಿಂ ಸಾಹೇಬರಿಗೆ ಬುಟ್ಟಿ ಕೊಟ್ಟು, ಕಲ್ಲಿನ ಕಥೆಯನ್ನೆಲ್ಲ ಬಾಯಿಪಾಠ ಮಾಡಿಸಿದ. ಆರತಿಯ ಜೊತೆ ಕಲ್ಲು ಕಳಿಸುವ ವರನನ್ನು ನೀವು ಕಂಡಿದ್ದೀರಾ?

ಹುಣ್ಣಿಮೆ ಕಳೆದು ಸಾಹೇಬರು ಬಂದರು. ಬುಟ್ಟಿ ಕೈಯಲ್ಲೇ ಇತ್ತು. ಅತ್ತೆ ಅಂಗಳಕ್ಕೆ ಇಳಿದು ಬಂದರು.

“ಹುಡುಗಿ ಅಪ್ಪ ಬುಟ್ಟಿ ಮುಟ್ಟಲಿಲ್ರಿ ಅವ್ವಾರ. ನಾ ಕಲ್ಲಿಂದು ಹೇಳಾಕತ್ತೆ. ಹುಡುಗಿ ಬಾಗಲ್ದಾಗ ನಿಂತು ಕೇಳಿ, ತಾನೇ ಬಂದು ಆರತಿ ಒಳಗ ಒಯ್ದಳ್ರಿ. ಅಪ್ಪ ಬ್ಯಾಡ ಅನ್ನಲಿಲ್ಲ. ಇದನ್ನ ಕೊಟ್ಟಾಳ್ರಿ.”

ಬುಟ್ಟಿಯಲ್ಲಿ ಒಂದು ಬಿಳಿಚಿದ ಹಾಸುಗಲ್ಲಿನ ಚೂರು.

“ನಮ್ಮ ಅಂಗಳದ ಕಲ್ಲಿನ್ಯಾಗ ಕಾಳೇ ಇಲ್ಲ, ಇದು ಎಷ್ಟು ಲಗೂ ಆರಿತ್ತು ಕೇಳ್ರಿ ಅಂದಳ್ರಿ ಹುಡುಗಿ.”

ವಸಂತ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. “ಇದು ಕುದ್ದದ್ದೇ ಅಲ್ಲ, ವೈನಿ. ನೀರಿನ ತಳಕ್ಕ ಕೂತು ಗಟ್ಟ್ಯಾದ ಸುಣ್ಣದ ಕಲ್ಲು. ಇದನ್ನ ಯಾರ ಕೈಲೂ ಹೇಳಿ ಕಳಸಾಕ ಬರಂಗಿಲ್ಲ. ನಾನೇ ಹೋಗಬೇಕು.”

“ಹೋಗು,” ಎಂದರು ಅತ್ತೆ. “ಮೊದಲ ಗಡ್ಡ ತೆಗಿಸ್ಕೊ.”

ರೊಟ್ಟಿ, ಪುಂಡಿಪಲ್ಯ ಉಂಡೆವು. ಮೊದಲು ನಿದ್ದೆಹೋದವರು ಅತ್ತೆ, ಆಮೇಲೆ ನಾನು. ಕಲ್ಲನ್ನು ದೀಪಕ್ಕೆ ಹಿಡಿದು ಕುಳಿತಿದ್ದವನು ಯಾವಾಗ ಮಲಗಿದನೋ, ನನಗೆ ಹೇಗೆ ಗೊತ್ತಾಗಬೇಕು?